ಸಂತೆಯಲ್ಲಿ ಛಾಯಾಚಿತ್ರ: ಕಾಯಕದ ಅಳತೆ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯಲ್ಲಾಗಲಿ, ಊರೂರಿನ ಕರಕುಶಲ ಮೇಳಗಳಲ್ಲಾಗಲಿ, ತಾವೇ ತೆಗೆದ ಛಾಯಾಚಿತ್ರಗಳನ್ನು ಮುದ್ರಿಸಿ, ಕಟ್ಟು ಹಾಕಿಸಿ ಮಾರಲು ಕೂರುವವರ ಮುಂದಿರುವ ಪ್ರಶ್ನೆ ಮೇಲ್ನೋಟಕ್ಕೆ ಬರಿಯ ಜಮಾಖರ್ಚಿನದು. ಕ್ಯಾಮೆರಾ ಇರುವ ಫೋನು ಎಲ್ಲರ ಕಿಸೆ ಸೇರಿ, ಬೇಕಾದ ಚಿತ್ರ ಬಿಟ್ಟಿಯಾಗಿ ಪರದೆಯ ಮೇಲೆ ದೊರೆಯುವಾಗ, ಮಳಿಗೆಯ ಬಾಡಿಗೆ, ಕಾಗದ, ಗಾಜು, ಚೌಕಟ್ಟು, ಸಾಗಣೆಗಳ ವೆಚ್ಚ ಹುಟ್ಟುವುದೇ ಕಷ್ಟವಾಗಿರುವುದರಿಂದ, ಈ ಮಾರಾಟವನ್ನು ಮುಂದುವರಿಸುವುದು ಸಾರ್ಥಕವೇ ಎಂದು ಕೇಳಿಕೊಳ್ಳುವುದು ಸಹಜ. ಆದರೆ ಸಾರ್ಥಕತೆಯನ್ನು ಯಾವುದರಿಂದ ಅಳೆಯಬೇಕೆಂಬುದು ತೀರ್ಮಾನವಾಗದೆ ಈ ಲೆಕ್ಕ ಮುಗಿಯುವುದಿಲ್ಲ. ಆ ಅಳತೆಯ ವಿಚಾರ ತತ್ತ್ವಶಾಸ್ತ್ರಕ್ಕೆ ಸೇರಿದ್ದು.

ಇಂಥ ಸಂದರ್ಭದಲ್ಲಿ ನಿಷ್ಕಾಮ ಕರ್ಮದ, ಅಂದರೆ ಫಲದ ಮೇಲಣ ಆಸಕ್ತಿಯನ್ನು ತೊರೆದು ಮಾಡುವ ಕೆಲಸದ ಮಾತನ್ನು ಎತ್ತಿ ಸಮಾಧಾನ ಹೇಳುವುದು ರೂಢಿಯಲ್ಲಿದೆ. ಆದರೆ ಈ ಮಾತಿನ ಮೂಲವಾದ ಭಗವದ್ಗೀತೆಯ ಬೋಧೆ ಬಿಡಹೇಳುವುದು ಫಲದ ಅಂಟನ್ನು; ಅಸಲು ಎಷ್ಟು, ಬಂದದ್ದೆಷ್ಟು ಎಂದು ನೋಡುವ ಗೃಹಸ್ಥನ ವಿವೇಕವನ್ನು ಅದು ಬಿಡಹೇಳಿಲ್ಲ. ಸಂಪತ್ತೆಂಬ ಅರ್ಥವನ್ನು ಧರ್ಮದೊಂದಿಗೆ ಪುರುಷಾರ್ಥಗಳಲ್ಲಿ, ಎಂದರೆ ಮನುಷ್ಯನು ಸಾಧಿಸಬೇಕಾದ ನಾಲ್ಕು ಗುರಿಗಳಲ್ಲಿ, ಒಂದಾಗಿ ಎಣಿಸಿದ ಪರಂಪರೆ ನಷ್ಟವನ್ನೇ ತಪಸ್ಸೆಂದು ಕರೆಯಲಾರದು.

ಈ ಪ್ರಶ್ನೆಗೆ ಹೆಚ್ಚು ಹತ್ತಿರದ ಬೆಳಕು ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವದಲ್ಲಿದೆ. ಕಾಯಕವೆಂದರೆ ಜೀವನಕ್ಕಾಗಿ ಸ್ವಂತ ಮೈದುಡಿಮೆಯಿಂದ, ಸತ್ಯಶುದ್ಧವಾಗಿ ಮಾಡುವ ಕೆಲಸ. ಅದರಿಂದ ಬಂದುದನ್ನು ಹಂಚಿ ಉಣ್ಣುವ ದಾಸೋಹವೂ ಅದರ ಅಂಗವೇ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕಥೆಯಲ್ಲಿ, ಹಗ್ಗಕ್ಕೆ ಸಲ್ಲಬೇಕಾದ ಬೆಲೆಗಿಂತ ಬಹಳ ಹೆಚ್ಚು ಹಣವನ್ನು ಬಸವಣ್ಣನು ಕೊಟ್ಟಾಗ ಚಂದಯ್ಯ ಅದನ್ನು ಒಪ್ಪುವುದಿಲ್ಲ. ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಹೇಳುತ್ತಾಳೆ. ಈ ಎರಡು ಕಥೆಗಳನ್ನು ಸಾಮಾನ್ಯವಾಗಿ ದುರಾಸೆಯ ಖಂಡನೆಯೆಂದಷ್ಟೇ ಓದಲಾಗುತ್ತದೆ. ಆದರೆ ಬೆಲೆಗೆ ಮೇಲಿನ ಮಿತಿಯೊಂದು ಇದೆಯೆಂದು ಒಪ್ಪಿದ ಮೇಲೆ, ದುಡಿಮೆಗೆ ತಕ್ಕ ಬೆಲೆಯೊಂದು ಇದೆಯೆಂದೂ ಒಪ್ಪಿದಂತಾಯಿತು. ಆ ಬೆಲೆಗಿಂತ ಕೆಳಗೆ ಮಾರುವುದೂ ಕಾಯಕದ ಅಳತೆಯನ್ನು ಕೆಡಿಸುತ್ತದೆ. ಈ ಎರಡನೆಯ ಅರ್ಥವೇ ಇಂದಿನ ಛಾಯಾಗ್ರಾಹಕನಿಗೆ ಹೆಚ್ಚು ಬೇಕಾದದ್ದು.

ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಾದ ಚಿತ್ರಕ್ಕೆ ತಕ್ಕ ಬೆಲೆ ಯಾವುದೆಂಬ ಆಕ್ಷೇಪ ಇಲ್ಲಿ ಏಳುತ್ತದೆ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಒಂದೇ ಒಂದಾಗಿ ಒಂದೇ ಸ್ಥಳದಲ್ಲಿರುವ ಕೃತಿಗೆ ಇರುವ ಪ್ರಭಾವಲಯವು ಯಾಂತ್ರಿಕ ಪ್ರತಿಗಳಲ್ಲಿ ಬಾಡಿಹೋಗುತ್ತದೆ ಎಂದು ವಾದಿಸಿದನು. ಆದರೂ ದೂರವಾದ ಅಥವಾ ಗತಿಸಿದ ಪ್ರಿಯರ ಮುಖದ ಛಾಯಾಚಿತ್ರದಲ್ಲಿ ಅದು ಕೊನೆಯದಾಗಿ ಉಳಿದಿರುವುದನ್ನು ಅವನೂ ಗಮನಿಸಿದ್ದನು. ಭಾರತದ ಅನುಭವ ಇದಕ್ಕಿಂತ ಮುಂದೆ ಹೋಗುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಶಿಲಾಮುದ್ರಣಾಲಯದಿಂದ ಅಗ್ಗದ ಬೆಲೆಗೆ ಹೊರಟ ಲಕ್ಷ್ಮಿ ಸರಸ್ವತಿಯರ ಅಸಂಖ್ಯ ಪ್ರತಿಗಳಲ್ಲಿ ಪ್ರತಿಯೊಂದೂ ಒಂದೊಂದು ದೇವರ ಮನೆಯಲ್ಲಿ ಅರಿಶಿನ ಕುಂಕುಮ ಏರಿಸಿಕೊಂಡು ಆ ಮನೆಯದೇ ಆದ ಪಟವಾಯಿತು. ಪ್ರತಿಗಳ ಸಂಖ್ಯೆಯಿಂದ ಯಾವ ಪಟದ ಪಾವಿತ್ರ್ಯವೂ ಕುಗ್ಗಲಿಲ್ಲ. ನೋಡುವವರ ಬಾಳಿನಲ್ಲಿ ಚಿತ್ರ ಎಲ್ಲಿ ನೆಲೆಗೊಳ್ಳುತ್ತದೆಯೋ ಅಲ್ಲಿ ಅದರ ಮೌಲ್ಯ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗುವುದು ಕಷ್ಟ. ಹೀಗಿರುವಾಗ, ಇಪ್ಪತ್ತೈದೋ ಐವತ್ತೋ ಪ್ರತಿಗಳನ್ನು ಮಾತ್ರ ಮುದ್ರಿಸುವುದಾಗಿ ಮಾತು ಕೊಟ್ಟು, ಸಂಖ್ಯೆ ನಮೂದಿಸಿ ಸಹಿ ಹಾಕಿ ಮಾರುವ ‘ಸೀಮಿತ ಆವೃತ್ತಿ’ಯ ಪದ್ಧತಿ ಕಲಾ ಗ್ಯಾಲರಿಗಳಿಗೆ ಒಗ್ಗಬಹುದಾದರೂ, ಸಂತೆಗೆ ಅದು ಹೊಂದುವುದಿಲ್ಲ. ಗ್ಯಾಲರಿಯಲ್ಲಿ ಬೆಲೆ ಏರುವುದು ತಡೆಹಿಡಿದ ಪ್ರತಿಗಳಿಂದ. ಸಂತೆಯ ಗಿರಾಕಿ ಕೊಡಬೇಕಾದದ್ದು ಮುಂಜಾವದಲ್ಲಿ ಕಾದು ತೆಗೆದ ನೋಟಕ್ಕೆ, ಒಳ್ಳೆಯ ಕಾಗದಕ್ಕೆ, ಮಾಸದ ಬಣ್ಣಕ್ಕೆ.

ಇನ್ನೊಂದು ಸಂಗತಿಯನ್ನು ನಿಷ್ಠುರವಾಗಿ ಹೇಳಲೇಬೇಕು. ಬೇರೊಂದು ಸಂಬಳದ ಆಸರೆಯಲ್ಲಿರುವವರು ಹವ್ಯಾಸದ ಖುಷಿಗೆ ಅಸಲಿಗಿಂತ ಕಡಿಮೆಗೆ ಚಿತ್ರ ಮಾರಿದಾಗ, ಪಕ್ಕದ ಮಳಿಗೆಯಲ್ಲಿ ಅದೇ ಕೆಲಸದಿಂದ ಮನೆ ನಡೆಸುವವನ ದರ ಕುಸಿಯುತ್ತದೆ. ಕೊಳ್ಳುವವನಿಗೂ ಆ ಸುಳ್ಳು ದರವೇ ನ್ಯಾಯವಾದ ದರವಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಔದಾರ್ಯದಂತೆ ಕಾಣುವ ಈ ನಡೆ ಇನ್ನೊಬ್ಬನ ಅನ್ನವನ್ನು ತಗ್ಗಿಸುವುದರಿಂದ ದಾಸೋಹಕ್ಕೆ ವಿರುದ್ಧವಾದದ್ದು. ಹವ್ಯಾಸಿಗಳು ಚಿತ್ರವನ್ನು ಪ್ರೀತಿಯಿಂದ ಕೊಡಬಹುದು, ಪ್ರದರ್ಶನಕ್ಕೆ ಇಡಬಹುದು. ಮಾರುವುದಾದರೆ ವೃತ್ತಿಯವರ ದರಕ್ಕೇ ಮಾರಬೇಕು.

ಆದುದರಿಂದ ವೆಚ್ಚವೆಲ್ಲ ಕಳೆದ ಮೇಲೂ ದಿನದ ಕೂಲಿಯಷ್ಟಾದರೂ ಉಳಿಯುವ ಸಂತೆಯಲ್ಲಿ, ತೆಗೆದವನೇ ಎದುರಿಗೆ ಕುಳಿತು ತನ್ನ ಚಿತ್ರದ ಬಗ್ಗೆ ಬಂದವರಿಗೆ ವಿವರಿಸಿ ಹೇಳುವವರೆಗೆ, ಈ ಮಾರಾಟ ಕಾಯಕವಾಗಿಯೇ ಸಾರ್ಥಕ. ಒಂದು ಸಂತೆ ಕೈಕೊಟ್ಟಿತೆಂದು ಕಸುಬನ್ನೇ ಬಿಡಬೇಕಿಲ್ಲ. ವರ್ಷವರ್ಷವೂ ಕೈಯಿಂದಲೇ ಹಾಕಬೇಕಾಗಿ ಬರುವ ಸಂತೆಯನ್ನು ಮಾತ್ರ, ಭಕ್ತಿಯ ಹೆಸರಿನಲ್ಲಾಗಲಿ ಕಲೆಯ ಹೆಸರಿನಲ್ಲಾಗಲಿ ಎಳೆದಾಡದೆ, ಬಿಟ್ಟುಬಿಡುವುದೇ ಸರಿ.