ಪಾಕವಿದ್ಯೆಯೂ ಮಾತಿನ ವಿದ್ಯೆಯೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಊಟವನ್ನೂ ಮಾತನ್ನೂ ನಮ್ಮ ಹಿರಿಯರು ಒಂದೇ ನೊಗಕ್ಕೆ ಕಟ್ಟಿದುದು ನುಡಿಯ ಸೊಗಸಿಗಾಗಿ ಮಾತ್ರವೇ ಎಂದು ನಾನು ಬಹುಕಾಲ ಭಾವಿಸಿದ್ದೆನು. ಆ ಭಾವನೆ ತಪ್ಪೆಂದು ಮನವರಿಕೆಯಾದ ಬಗೆಯನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

2020ನೆಯ ಇಸವಿಯ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಲಾಗಿ, ಪಾಠಗಳು ಅಂತರ್ಜಾಲದ ಮೂಲಕ ಮನೆಯೊಳಕ್ಕೆ ಬಂದುವು. ಗಣಿತ ವ್ಯಾಕರಣಗಳ ಜೊತೆಯಲ್ಲಿ ಆಹಾರಶಾಸ್ತ್ರವೂ ಅಡಿಗೆಯೂ ಬಂದುವು. ಶಾಲೆಗಳು ತೆರೆದ ಮೇಲೆಯೂ ಈ ತರಗತಿಗಳು ನಿಂತಿಲ್ಲ. ಇವುಗಳ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಪಾಕವಿದ್ಯೆಯು ತಾಯಿಯಿಂದ ಮಗಳಿಗೆ ಇಳಿದು ಬರುತ್ತಿತ್ತು. ಮಗನಾದರೋ ಎಲೆಯ ಮುಂದೆ ಕುಳಿತು ರುಚಿಯ ತಪ್ಪೆಣಿಸುವುದನ್ನು ಕಲಿಯುತ್ತಿದ್ದನು. ದೂರದ ಗುರುವಿಗೆ ಆ ಭೇದವಿಲ್ಲ. ಮೇಲಾಗಿ, ರೂಢಿಯು ಹೇಳದ ಕಾರಣಗಳನ್ನು ಅವರು ಹೇಳಿಕೊಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು 10ರ ಆಸುಪಾಸು. ಊಟದೊಡನೆ ಚಹ ಕುಡಿದರೆ ಸೊಪ್ಪು ಕಾಳುಗಳಲ್ಲಿನ ಕಬ್ಬಿಣವು ಮೈಗೆ ಹತ್ತುವುದು ಕಡಮೆಯಾಗುತ್ತದೆ. ನಿಂಬೆಯ ರಸ ಸೇರಿದರೆ ಹೆಚ್ಚುತ್ತದೆ. ಇಷ್ಟನ್ನು ತಿಳಿದ ಬಾಲಕನು ಅಂಗಡಿಯ ಬಣ್ಣದ ಪೊಟ್ಟಣಕ್ಕೆ ಸುಲಭವಾಗಿ ಮರುಳಾಗನು.

ಹಾಗಾದರೆ ಕೊರತೆ ಎಲ್ಲಿ? ಒಗ್ಗರಣೆಯ ವಾಸನೆಯೂ ಹಿಟ್ಟಿನ ಹದವೂ ಪರದೆಯಿಂದ ತಿಳಿಯವು ಎಂದು ಹಲವರು ಆಕ್ಷೇಪಿಸುತ್ತಾರೆ. ಇದು ಸಣ್ಣ ಮಾತು. ನಾಲ್ಕು ಸಲ ಸೀದ ಮೇಲೆ ಐದನೆಯ ಸಲ ಹದ ತಾನಾಗಿ ಬರುತ್ತದೆ. ದೊಡ್ಡ ಕೊರತೆಯೆಂದರೆ, ಆ ಗುರುವಿಗೆ ಉಣ್ಣುವವರ ಮುಖ ಕಾಣದು.

ನನ್ನ ಮಗನಿಗೆ ಹದಿನಾಲ್ಕು ವರ್ಷ. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದನ್ನು ಅವನು ಒಂದು ದಿನ ತರಗತಿಯಲ್ಲಿ ಕಲಿತನು. ಆ ರಾತ್ರಿ ನನ್ನ ತಾಯಿ ಉಪ್ಪಿನಕಾಯಿ ಬಡಿಸಲು ಬಂದಾಗ, “ಅಜ್ಜಿ, ತಾತನಿಗೂ ನೀನು ಇದನ್ನೇ ಬಡಿಸುತ್ತಿದ್ದೆಯಲ್ಲವೆ?” ಎಂದನು. ನನ್ನ ತಂದೆ ರಕ್ತದ ಒತ್ತಡದಿಂದ ಲಕ್ವ ಹೊಡೆದು ತೀರಿಕೊಂಡವರು. ತಾಯಿ ಜಾಡಿಯನ್ನು ಕೆಳಗಿಟ್ಟು ಒಳಕ್ಕೆ ಹೋದರು. ಮಗನ ಜ್ಞಾನವನ್ನು ಕಂಡು ಹಿಗ್ಗುತ್ತಿದ್ದ ನಾನು ಸುಮ್ಮನಿದ್ದೆನು. ಆ ಮೌನಕ್ಕಾಗಿ ಇಂದಿಗೂ ನಾಚುತ್ತೇನೆ.

ಹುಡುಗನು ಹೇಳಿದುದು ಸುಳ್ಳೆ? ಅಲ್ಲ, ಹೆಚ್ಚಿನ ಉಪ್ಪು ರಕ್ತದ ಒತ್ತಡವನ್ನು ಏರಿಸುವುದು ನಿಶ್ಚಯ. ಹಾಗಾದರೆ ನೋವಾದೀತೆಂದು ನಿಜವನ್ನು ಮುಚ್ಚಿಡಬೇಕೆ? ಅದೂ ಸಲ್ಲದು, ಆ ಜಾಡಿಯಿಂದ ನನ್ನ ತಾಯಿಗೂ ಅಪಾಯವುಂಟು. ನಿಜವು ಹಿತವಾಗುವುದು ಹೇಗೆಂಬುದೇ ಇಲ್ಲಿಯ ಪ್ರಶ್ನೆ.

ಮರುದಿನ ತಾಯಿ ಅಡಿಗೆಮನೆಗೆ ಕಾಲಿಡಲಿಲ್ಲ. ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಹುಡುಗನೇ ಸೌಟು ಹಿಡಿಯಬೇಕಾಯಿತು. ಮೊಳಕೆಯ ಹೆಸರುಕಾಳಿನ ಕೋಸಂಬರಿಯನ್ನು ಕಲಿತಂತೆಯೇ ಮಾಡಿ ಬಡಿಸಿದನು. ಅಜ್ಜಿ ಎರಡು ಕಾಳು ಬಾಯಿಗೆ ಹಾಕಿಕೊಂಡು, “ಚೆನ್ನಾಗಿದೆ ಮಗು, ಹಸಿವಿಲ್ಲ” ಎಂದರು. ಅವರಿಗೆ ಹಲ್ಲಿಲ್ಲವೆಂಬುದನ್ನು ಹುಡುಗನು ಆಗ ಕಂಡನು. ಮೂರನೆಯ ದಿನ ಅದೇ ಕಾಳನ್ನು ಮೆತ್ತಗೆ ಬೇಯಿಸಿ, ಅರ್ಧ ಉಪ್ಪು ಹಾಕಿ, ನಿಂಬೆ ಹಿಂಡಿ, ಪಕ್ಕದಲ್ಲಿ ಕುಳಿತು, “ಉಪ್ಪು ಸಾಲದೆ, ಅಜ್ಜಿ?” ಎಂದು ಕೇಳಿದನು. “ಸಾಲದು, ನಿಂಬೆಯಿದೆಯಲ್ಲ, ನಡೆಯುತ್ತದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, “ನಿಮ್ಮ ತಾತ ಬೇಡಿ ಬೇಡಿ ಹಾಕಿಸಿಕೊಳ್ಳುತ್ತಿದ್ದರು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ” ಎಂದರು. ಹುಡುಗನು ಅವರ ಕೈ ಹಿಡಿದುಕೊಂಡನು. ಜಾಡಿ ಇಂದಿಗೂ ನಮ್ಮ ಮನೆಯಲ್ಲಿದೆ. ಅದರೊಳಗಿನ ಚಮಚ ಮಾತ್ರ ಚಿಕ್ಕದಾಗಿದೆ.

ಆ ಸಂಖ್ಯೆ ಮೊದಲ ದಿನವೂ ನಿಜವಾಗಿತ್ತು, ಮೂರನೆಯ ದಿನವೂ ನಿಜವಾಗಿತ್ತು. ನಡುವೆ ಬದಲಾದುದು ಹುಡುಗನು. ಮೊದಲು ಅವನು ತೀರ್ಪುಗಾರನಾಗಿದ್ದನು, ಆಮೇಲೆ ಅಡಿಗೆಯವನಾದನು. ಪರರ ಎಲೆಯನ್ನು ತಿದ್ದುವ ಅಧಿಕಾರವು ಬರಿಯ ತಿಳಿವಳಿಕೆಯಿಂದ ಬರುವುದಲ್ಲ; ಅವರಿಗಾಗಿ ಒಲೆಯ ಮುಂದೆ ನಿಂತು, ಅವರು ಉಂಡರೋ ಇಲ್ಲವೋ ಎಂದು ನೋಡುವ ಶ್ರಮದಿಂದ ಬರುತ್ತದೆ.

ಈ ನಿಯಮವು ಕಲಿಸುವವರಿಗೂ ಅನ್ವಯಿಸುತ್ತದೆ. ಕೇಳುವ ಮಕ್ಕಳಲ್ಲಿ ಪಡಿತರದ ಅಕ್ಕಿಯೇ ಆಧಾರವಾದ ಮನೆಯವರೂ ಇರಬಹುದು. ಅಂಥವರಿಗೆ ಬಾದಾಮಿಯ ಗುಣಗಳನ್ನು ವರ್ಣಿಸಿದರೆ ಆಗುವುದು ಶಿಕ್ಷಣವಲ್ಲ, ಅವಮಾನ. ನುಗ್ಗೆಸೊಪ್ಪು, ಹುರುಳಿ, ಕಡಲೆಕಾಯಿಗಳಿಂದ ಪಾಠವನ್ನು ಆರಂಭಿಸಬಹುದು. ನಿಮ್ಮ ಮನೆಯಲ್ಲಿ ಉಣ್ಣುವವರು ಯಾರು, ಇಂದು ಏನಿದೆ ಎಂದು ಮೊದಲು ಕೇಳಬೇಕು. ಯಾರಿಗೆ ಬಡಿಸಿದೆ, ಅವರೇನೆಂದರು ಎಂದು ಮರುಪಾಠದಲ್ಲಿ ವಿಚಾರಿಸಬೇಕು. ಹೀಗೆ ಮಾಡಿದರೆ ದೂರದ ಗುರುವೂ ಮನೆಗೆ ಹತ್ತಿರದವರಾಗುವರು.

ಗಾದೆಯ ಪೂರ್ವಾರ್ಧವನ್ನು ಯಂತ್ರವು ನಮ್ಮ ಮಕ್ಕಳಿಗೆ ಚೆನ್ನಾಗಿಯೇ ಕಲಿಸುತ್ತಿದೆ. ಉತ್ತರಾರ್ಧವನ್ನು ಕಲಿಸುವ ಹೊಣೆ, ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಣ್ಣುವ ನಮ್ಮದು.