ಯಾರ ಕೈಯಳತೆಗೆ?

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ದುಡ್ಡು ಕೊಡ್ತಿರೋನು ನೀನು. ನಾಳೆ ಏನಾದ್ರೂ ಆದ್ರೆ ನಾನು ಕೇಳೋದು ನಿನ್ನನ್ನೇ ಕಣೋ."

ಅವಳ ಮಗಳಿಗೆ ಆಗ 19 ವರ್ಷ. ಊರಿಂದ ಕಾಲೇಜಿಗೆ 22 ಕಿಲೋಮೀಟರ್. ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಬರುವ ಹೊತ್ತಿಗೆ ಎರಡು ಪೀರಿಯಡ್ ಮುಗಿದಿರುತ್ತಿತ್ತು. ಸ್ಕೂಟರ್ ಬೇಡ, ಗೇರಿನ ಬೈಕೇ ಬೇಕು ಎಂದು ಕೇಳಿದ್ದಳು. ನಾನು ಹೂಂ ಅಂದುಬಿಟ್ಟಿದ್ದೆ.

ಹೂಂ ಅಂದದ್ದು ಎಷ್ಟು ದೊಡ್ಡ ಮಾತು ಎಂದು ಆಮೇಲೆ ಗೊತ್ತಾಯಿತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ 100ಕ್ಕೆ 44ಕ್ಕಿಂತ ಹೆಚ್ಚು ಮಂದಿ ಎರಡು ಚಕ್ರದ ಗಾಡಿಗಳಲ್ಲಿ ಇದ್ದವರು. ತಿಳಿವಳಿಕೆ ಇರುವ ಒಬ್ಬಳು ತಾನಾಗಿಯೇ ಅಪಾಯಕ್ಕೆ ಇಳಿಯುತ್ತೇನೆ ಎನ್ನುವಾಗ, ಅದಕ್ಕೆ ದುಡ್ಡು ಕಟ್ಟಿದವನ ಪಾಲೆಷ್ಟು? ದುಡ್ಡಿನ ಜೊತೆಗೆ ಅವನಿಗೆ ಅಧಿಕಾರವೂ ಬರುತ್ತದೆಯೋ, ಬರೀ ಹೊಣೆ ಮಾತ್ರವೋ?

ಕಾನೂನು ಈ ವಿಷಯದಲ್ಲಿ ಬಹಳ ನಿಚ್ಚಳ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, 18 ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತಮಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ಪ್ರಯತ್ನಪಟ್ಟಿದ್ದೆವು ಎಂದು ಸಾಬೀತು ಮಾಡುವ ಭಾರವೂ ಅವರ ಮೇಲೆಯೇ. ಮಗು 18ಕ್ಕೆ ಕಾಲಿಟ್ಟ ಬೆಳಿಗ್ಗೆ ಆ ಭಾರವೆಲ್ಲ ಇಳಿಯುತ್ತದೆ. ಕಾನೂನಿಗೆ ಇಂಥ ಗೆರೆ ಬೇಕು, ಒಪ್ಪೋಣ. ಆದರೆ ನನ್ನ ಅಕ್ಕನ ಲೆಕ್ಕದಲ್ಲಿ ಅಂಥ ಬೆಳಿಗ್ಗೆ ಯಾವುದೂ ಇಲ್ಲ.

ಜಾನ್ ಸ್ಟುವರ್ಟ್ ಮಿಲ್ 1859ರ 'ಆನ್ ಲಿಬರ್ಟಿ'ಯಲ್ಲಿ ಒಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಒಬ್ಬ ಮನುಷ್ಯ ಕುಸಿಯುವುದು ಖಚಿತವಾದ ಸೇತುವೆ ದಾಟಲು ಹೊರಟಿದ್ದಾನೆ. ಎಚ್ಚರಿಸಲು ಸಮಯವಿಲ್ಲದಿದ್ದರೆ ಅವನನ್ನು ಹಿಡಿದು ಎಳೆಯಬಹುದು. ನೀರಿಗೆ ಬೀಳುವುದು ಅವನಿಗೂ ಬೇಕಿಲ್ಲವಷ್ಟೆ. ಆದರೆ ಸೇತುವೆ ಬಿದ್ದೇ ಬೀಳುತ್ತದೆ ಎಂಬುದು ಖಚಿತವಲ್ಲ, ಬೀಳುವ ಅಪಾಯ ಮಾತ್ರ ಇದೆ ಎಂದಾದರೆ ಅವನನ್ನು ಎಚ್ಚರಿಸಬೇಕು, ಬಲವಂತವಾಗಿ ತಡೆಯಬಾರದು. ಮಕ್ಕಳಿಗೆ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೆ, ಯಾವುದೋ ಉದ್ವೇಗದಲ್ಲಿ ಮೈಮರೆತವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. (ಶೋರೂಮಿನ ಗಾಜಿಗೆ ಮೂಗು ಒತ್ತಿ ನಿಂತ 19ರ ಹುಡುಗಿ ಈ ಕೊನೆಯ ಗುಂಪಿಗೆ ಸೇರುತ್ತಾಳೆಯೇ ಎಂದು ನಾನು ಒಂದೆರಡು ಸಲ ಯೋಚಿಸಿದ್ದುಂಟು.) ಬೈಕಂತೂ ಎರಡನೆಯ ಬಗೆಯ ಸೇತುವೆ. ಹಾಗಾದರೆ ಎಚ್ಚರಿಕೆ ಹೇಳಿ ಸುಮ್ಮನಾಗಬೇಕು. ಆದರೆ ಮಿಲ್‌ನ ಸೇತುವೆಯ ಪಕ್ಕದಲ್ಲಿ ನಿಂತವನು ದಾರಿಹೋಕ. ನಾನು ಸೇತುವೆ ಕಟ್ಟಿಸಿಕೊಡುತ್ತಿರುವವನು. ಮೇಲಾಗಿ ಆ ಸೇತುವೆಯ ಮೇಲೆ ಒಬ್ಬನೇ ಇದ್ದಾನೆ. ನಮ್ಮ ರಸ್ತೆಯಲ್ಲಿ ದನ, ಮಕ್ಕಳು, ಎದುರಿನಿಂದ ಬರುವ ಇನ್ನೊಬ್ಬ, ಎಲ್ಲರೂ ಇದ್ದಾರೆ.

ಅವಳ ಕಣ್ಣು ಮೊದಲು ಬಿದ್ದದ್ದು ಕ್ಲಾಸಿಕ್ 350ರ ಮೇಲೆ. ನಾನು ತಕ್ಷಣ ಅಂಕಿಗಳನ್ನು ಹೊರತೆಗೆದೆ. ಆ ಗಾಡಿ 195 ಕಿಲೋ, ಸೀಟಿನ ಎತ್ತರ 805 ಮಿಲಿಮೀಟರ್. ಅವಳು ಐದಡಿ ಎರಡಂಗುಲ. ಇಳಿಜಾರಿನಲ್ಲಿ ನಿಂತಾಗ ಗಾಡಿ ಒಂದು ಕಡೆ ವಾಲಿತೋ, ತುದಿಗಾಲಲ್ಲಿ ಅಷ್ಟು ಭಾರ ತಡೆಯುವುದು ಹೊಸಬರ ಕೈಲಿ ಆಗದ ಮಾತು. ಎಲ್ಲ ನಿಜವೇ. ಅವಳು ಪೂರ್ತಿ ಕೇಳಿಸಿಕೊಂಡು, "ಮಾವ, ನಾನು ಹುಡುಗ ಆಗಿದ್ರೂ ಇದನ್ನೇ ಹೇಳ್ತಿದ್ರಾ?" ಅಂದಳು.

ಹೇಳುತ್ತಿದ್ದೆ. ಹುಡುಗನಿಗಾದರೆ ಹೇಳಿ, ನಿನ್ನಿಷ್ಟ ಎಂದು ಬಿಟ್ಟುಬಿಡುತ್ತಿದ್ದೆ. ಇವಳಿಗೆ ಹೇಳಿ ಬಾಗಿಲು ಹಾಕುವವನಿದ್ದೆ. ಒಂದೇ ಸತ್ಯವನ್ನು ಒಬ್ಬರ ಮುಂದೆ ಸಲಹೆಯಾಗಿ, ಇನ್ನೊಬ್ಬರ ಮುಂದೆ ಬೀಗವಾಗಿ ಬಳಸಬಹುದು. ಅಂಕಿಗಳು ಸರಿಯಾಗಿದ್ದುದರಿಂದಲೇ ನನ್ನ ಭಯ ಅವುಗಳ ಹಿಂದೆ ಆರಾಮಾಗಿ ಅವಿತುಕೊಂಡಿತ್ತು.

ಇನ್ನೊಂದು ಕಡೆ ಆ ಭಯ ನೇರವಾಗಿ ಮೋಸವನ್ನೇ ಮಾಡುವುದರಲ್ಲಿತ್ತು. ಆದಷ್ಟು ಚಿಕ್ಕ ಗಾಡಿ, 100 ಸಿಸಿಯದು, ಕೊಡಿಸಿದರೆ ಕ್ಷೇಮ ಎಂದುಕೊಂಡಿದ್ದೆ. ಆದರೆ 2019ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಎಬಿಎಸ್ ಕಡ್ಡಾಯವಾದದ್ದು 125 ಸಿಸಿಗೆ ಮೇಲ್ಪಟ್ಟ ಗಾಡಿಗಳಿಗೆ; ಅದಕ್ಕಿಂತ ಕೆಳಗಿನವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಏರ್ಪಾಡಿದ್ದರೂ ಸಾಕಿತ್ತು. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಅದುಮಿ, ಚಕ್ರ ತಿರುಗದೆ ಜಾರಿ ಬೀಳುವುದು ಹೊಸಬರ ಮಾಮೂಲಿ ತಪ್ಪು. ಎಬಿಎಸ್ ಇರುವುದು ಚಕ್ರ ಹಾಗೆ ಕಚ್ಚಿ ನಿಲ್ಲದಂತೆ ನೋಡಿಕೊಳ್ಳಲು. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ಅದರ ಮೇಲೆ ಬ್ರೇಕು ಹಿಡಿದು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಸಮಾಧಾನಕ್ಕೆ ಆರಿಸಿದ ಗಾಡಿ ಅವಳಿಗೆ ಬೇಕಾದ ರಕ್ಷಣೆಯನ್ನೇ ಕಿತ್ತುಕೊಳ್ಳುತ್ತಿತ್ತು. ಕೊನೆಗೆ ಎಬಿಎಸ್ ಇರುವ, 150 ಸಿಸಿಯ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡೆವು. ಮೊದಲ ಗಾಡಿ ಒಂದೆರಡು ಸಲ ಬೀಳುವುದೇ. ಹೊಸದಾದರೆ ಪೇಂಟಿನ ಮೇಲೇ ಜೀವ ಇರುತ್ತದೆ.

ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನಿಜಕ್ಕೂ ಶುರುವಾದದ್ದು ಗ್ಯಾರೇಜಿನಲ್ಲಿ.

ನನ್ನ ಮೊದಲ ಗಾಡಿ ಅಪ್ಪನದು, ಹೀರೋ ಹೋಂಡಾ ಸಿಡಿ 100. ಅಪ್ಪ ಆರಡಿ ಆಳು, ಅಗಲ ಅಂಗೈ. ಅವರಿಗೆ ತಕ್ಕಂತೆ ಕ್ಲಚ್ಚಿನ ಲಿವರು ಮೇಲಕ್ಕೆ ಎದ್ದುಕೊಂಡಿತ್ತು. ಆರು ವರ್ಷ ನಾನು ಮಣಿಕಟ್ಟನ್ನು ಹಿಂದಕ್ಕೆ ಮಡಿಚಿ, ಬೆರಳು ಚಾಚಿ ಓಡಿಸಿದೆ. ಕೈ ನೋಯುತ್ತಿತ್ತು. ಗಾಡಿ ಎಂದರೆ ಹೀಗೇ ಇರುತ್ತದೆ, ನನ್ನ ಕೈಯೇ ಸಣ್ಣದು ಎಂದುಕೊಂಡಿದ್ದೆ. ಒಂದು ದಿನ ಮೆಕ್ಯಾನಿಕ್ ಒಬ್ಬರು ಬೇರೇನೋ ರಿಪೇರಿ ಮಾಡುತ್ತಾ ಬೋಲ್ಟು ಸಡಿಲಿಸಿ ಅದನ್ನು ಕೆಳಗೆ ತಿರುಗಿಸಿಕೊಟ್ಟರು. ಐದು ನಿಮಿಷದ ಕೆಲಸ. ಅಪ್ಪ ಕೆಟ್ಟವರೇನಲ್ಲ, ಅವರಿಗೆ ಹೊಳೆದಿರಲಿಲ್ಲ, ನನಗೆ ಕೇಳಬಹುದು ಎಂದು ಗೊತ್ತಿರಲಿಲ್ಲ. ನಾವು ಹಿರಿಯರಿಂದ ಪಡೆದದ್ದರಲ್ಲಿ ಹೀಗೆ ನಮ್ಮ ಮೈಯನ್ನೇ ಮಡಿಚಿ ಹೊಂದಿಸಿಕೊಂಡದ್ದು ಎಷ್ಟಿದೆಯೋ.

ಗಾಡಿ ಆರಿಸುವಾಗ ನಾನು ನೋಡುತ್ತಿದ್ದದ್ದು ನನ್ನನ್ನೇ, ನನ್ನ ಭಯ, ನನ್ನ ಹೆಸರು, ಅಕ್ಕನಿಗೆ ಕೊಡಬೇಕಾದ ಉತ್ತರ. ಹೊಂದಿಸುವಾಗ ಅವಳನ್ನು ನೋಡಲೇಬೇಕಾಯಿತು. ಬೇರೆ ದಾರಿ ಇರಲಿಲ್ಲ. ಮೆಕ್ಯಾನಿಕ್ಕು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, "ಕೂತ್ಕೊಳಮ್ಮ, ಕಣ್ಣು ಮುಚ್ಕೊಂಡು ಕೈ ಇಡು" ಅಂದರು. ಅವಳ ಬೆರಳು ಗಾಳಿಯಲ್ಲಿ ಲಿವರನ್ನು ಹುಡುಕುತ್ತಿದ್ದವು. ಮೊಣಕೈಯಿಂದ ಬೆರಳಿನ ತುದಿಯವರೆಗೆ ನೆಟ್ಟಗೆ ಬರುವಂತೆ ಎರಡೂ ಕಡೆ ತಿರುಗಿಸಿದರು. ಮುಂದಿನ ಬ್ರೇಕು ಅವಳ ಬೆರಳಿಗೆ ದೂರವಾಗುತ್ತಿತ್ತು. ಹತ್ತಿರ ತಂದುಕೊಳ್ಳಲು ಬರುವ ಲಿವರು ಹಾಕಿಸಿದೆವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಹೋಗುತ್ತದೆ. ಬೆರಳು ಅರ್ಧ ಸೆಕೆಂಡು ತಡಕಾಡಿದರೆ 8 ಮೀಟರ್. ಕ್ಲಚ್ಚಿನ ಕೇಬಲ್ಲು, ಗೇರಿನ ಪೆಡಲ್ಲು, ಟೈರಿನ ಗಾಳಿ, ಚೈನಿನ ಬಿಗಿ ಎಲ್ಲ ಆಯಿತು. ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ತನ್ನ ಭುಜವೇ, ಅದನ್ನೂ ತಿರುಗಿಸಿದರು.

ಒಂದೇ ಜಗಳ ನಡೆದದ್ದು ಸೀರೆ ಗಾರ್ಡಿನ ಬಗ್ಗೆ. "ಬಿಚ್ಚಿಸಿ ಮಾವ, ಅಸಹ್ಯವಾಗಿದೆ. ನಾನೇನು ಸೀರೆ ಉಡ್ತೀನಾ?" ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಎಂಬುದು ನಮ್ಮ ಮೋಟಾರು ವಾಹನ ನಿಯಮ, ಗಾಡಿ ಹೊಡೆಯುವವರಿಗೆ ಅದರಿಂದ ಲಾಭವೇನಿಲ್ಲ. "ಹಿಂದೆ ಕೂರೋಳು ನಿಮ್ಮಮ್ಮ" ಅಂದೆ. ಅವಳು ಸ್ವಲ್ಪ ಹೊತ್ತು ಗಾರ್ಡನ್ನೇ ನೋಡುತ್ತ ನಿಂತಳು. ಆಮೇಲೆ ಎರಡನೇ ಹೆಲ್ಮೆಟ್ಟು ಯಾವ ಅಳತೆಯದು ತರೋಣ ಎಂದು ಕೇಳಿದಳು. ಅಕ್ಕನ ತಲೆಯ ಸುತ್ತಳತೆ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಫೋನು ಮಾಡಿದರೆ, "ನಾನ್ಯಾಕೆ ಕೂರ್ಲಿ ಅದರ ಮೇಲೆ?" ಎಂದು ಇಟ್ಟುಬಿಟ್ಟಳು.

ಇಷ್ಟೆಲ್ಲ ಮಾಡಿದ್ದರಿಂದ ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದಲ್ಲ. ತಿರುವಿನಲ್ಲಿ ಅಡ್ಡ ಬರುವ ಲಾರಿಯನ್ನು ಯಾವ ಸ್ಪ್ಯಾನರಿನಿಂದಲೂ ಸರಿಪಡಿಸಲಾಗದು. ಏನಾದರೂ ಆದರೆ ಅಕ್ಕ ನನ್ನನ್ನೇ ಕೇಳುತ್ತಾಳೆ, ನಾನು ತಲೆ ತಗ್ಗಿಸಿಯೇ ನಿಲ್ಲಬೇಕು. ಆ ಪಾಲನ್ನು ನಾನು ಒಪ್ಪಿಕೊಂಡಿದ್ದೇನೆ. ಅದಕ್ಕೆ ಪ್ರತಿಯಾಗಿ ಅವಳು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರ ಜೊತೆ ಹೋದಳು ಎಂದು ಕೇಳುವ ಹಕ್ಕು ನನಗಿದೆ ಎಂದು ಈಗ ಅನ್ನಿಸುವುದಿಲ್ಲ. ಕೇಳಬೇಕು ಅನ್ನಿಸುವುದಿಲ್ಲ ಎಂದರೆ ಮಾತ್ರ ಸುಳ್ಳಾದೀತು.

ಎರಡು ವರ್ಷವಾಯಿತು. ಗಾಡಿ ಎರಡು ಸಲ ಬಿದ್ದಿದೆ, ಒಂದು ಸಲ ಮನೆಯ ಅಂಗಳದಲ್ಲೇ. ಹೋದ ತಿಂಗಳು ಊರಿಗೆ ಹೋದಾಗ ಸಂತೆಗೆಂದು ಅವಳ ಗಾಡಿ ಕೇಳಿ ತೆಗೆದುಕೊಂಡೆ. ಕ್ಲಚ್ಚು ತೀರಾ ಕೆಳಗೆ, ಕನ್ನಡಿಗಳಲ್ಲಿ ಬರೀ ರಸ್ತೆ, ಬ್ರೇಕು ನನ್ನ ಬೆರಳಿಗೆ ಒತ್ತುತ್ತಿತ್ತು. ಸೀಟಿನ ಕೆಳಗಿನ ಕಿಟ್ಟಿನಲ್ಲಿ ಸ್ಪ್ಯಾನರು ಇತ್ತು, ತೆಗೆದೂ ತೆಗೆದೆ. ಆಮೇಲೆ ಅಲ್ಲೇ ಇಟ್ಟು, ಮಣಿಕಟ್ಟು ಮಡಿಚಿಕೊಂಡೇ ಸಂತೆಗೆ ಹೋಗಿ ಬಂದೆ.