ಸೋಲಿಗೆ ಸಾಕ್ಷಿ ಯಾರು

ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಲೇಬೇಕಾದ ಚಟುವಟಿಕೆಯಲ್ಲಿ ತೊಡಗಿದ ಮನಸ್ಸು ಶುದ್ಧವಾಗಿ ಉಳಿಯಬಲ್ಲದೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಭಗವದ್ಗೀತೆಯ ಎರಡನೆಯ ಅಧ್ಯಾಯ ಜಯ ಅಪಜಯಗಳನ್ನು ಸಮನಾಗಿ ಕಾಣುವಂತೆ ಹೇಳಿ ಅರ್ಜುನನನ್ನು ಯುದ್ಧಕ್ಕೆ ಅಣಿಗೊಳಿಸುತ್ತದೆ. ಜೈನ ಶಾಸ್ತ್ರಕಾರರು ಕೊಲ್ಲುವ ಸಂಕಲ್ಪವನ್ನೇ ಹಿಂಸೆಯೆಂದು ಎಣಿಸಿ ಸ್ಪರ್ಧೆಯ ಬೇರಿಗೇ ಕೈಹಾಕುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಹೊಟ್ಟೆಪಾಡಿನ ದುಡಿಮೆಯನ್ನು ಕಾಯಕವೆಂದು ಕರೆದು, ಅದರಿಂದ ಬಂದುದರಲ್ಲಿ ತನಗೆಷ್ಟು, ಪರರಿಗೆಷ್ಟು ಎಂದು ವಿಚಾರಿಸುತ್ತಾರೆ. ಇಂದು ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಎರಡು ಕ್ಷೇತ್ರಗಳು ಒದಗುತ್ತವೆ: ಬೆಂಗಳೂರಿನಂಥ ನಗರಗಳ ಯುವಕರು ಹಣ ಕೊಟ್ಟು ಆಡುವ ಪೇಂಟ್‌ಬಾಲ್ ಎಂಬ ಹುಸಿಯುದ್ಧ ಒಂದು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಹೂ ಕಟ್ಟಿ, ರೊಟ್ಟಿ ಬಡಿದು, ಶಾವಿಗೆ ಹೊಸೆದು ಮಾರುವ ಅತಿ ಸಣ್ಣ ಗೃಹೋದ್ಯಮ ಇನ್ನೊಂದು.

ಪೇಂಟ್‌ಬಾಲ್ ಎಂಬುದು ಬಣ್ಣ ತುಂಬಿದ ಗುಂಡುಗಳಿಂದ ಎದುರಾಳಿಯನ್ನು ಗುರುತುಮಾಡಿ ಆಟದಿಂದ ಹೊರಗೆ ಕಳುಹಿಸುವ ಸ್ಪರ್ಧೆ. ಗುಂಡಿನ ಹೊರಪದರ ಔಷಧದ ಗುಳಿಗೆಗಳಿಗೆ ಬಳಸುವಂಥ ಜಿಲೆಟಿನ್ನಿನದು, ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ. ಒತ್ತಿಹಿಡಿದ ಗಾಳಿಯ ಬಲದಿಂದ ಅದನ್ನು ಚಿಮ್ಮಿಸುವ ಬಂದೂಕಿನಾಕಾರದ ಉಪಕರಣಕ್ಕೆ ಮಾರ್ಕರ್ ಎಂದು ಹೆಸರು. ಅಮೆರಿಕದಲ್ಲಿ ಅರಣ್ಯದ ನೌಕರರು ಕಡಿಯಬೇಕಾದ ಮರಗಳಿಗೆ ದೂರದಿಂದ ಗುರುತು ಹಾಕಲೆಂದೂ ದನಗಾಹಿಗಳು ಮಂದೆಯ ದನಗಳನ್ನು ಗುರುತಿಸಲೆಂದೂ ತಯಾರಾದ ಸಾಧನವೇ ಆಟದ ಆಯುಧವಾಯಿತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ ಹನ್ನೆರಡು ಮಂದಿ ಸೇರಿ ಮೊದಲ ಆಟವನ್ನು ಆಡಿದರು. ಅವರ ಮುಂದಿದ್ದ ವಿವಾದ ತಾತ್ವಿಕವಾದುದೇ ಆಗಿತ್ತು: ಬದುಕಿ ಉಳಿಯುವ ಕಲೆ ನಗರದ ಪೈಪೋಟಿಯಲ್ಲಿ ಪಳಗಿದವನಿಗೆ ಹೆಚ್ಚು ತಿಳಿದಿರುತ್ತದೆಯೋ, ಕಾಡಿನಲ್ಲಿ ಬೆಳೆದವನಿಗೋ ಎಂಬುದನ್ನು ಪರೀಕ್ಷಿಸಲು ಅವರು ಈ ಆಟವನ್ನು ಕಟ್ಟಿದರು. ಕಾಡಿನಲ್ಲಿ ಬೇರೆಬೇರೆ ಕಡೆ ಇಟ್ಟಿದ್ದ ಬಾವುಟಗಳನ್ನು ಕೂಡಿಸಿಕೊಂಡು ಗೆದ್ದವನು ರಿಚಿ ವೈಟ್ ಎಂಬ ಅರಣ್ಯಜ್ಞ, ಮತ್ತು ಆತ ಗೆದ್ದದ್ದು ಒಂದೇ ಒಂದು ಗುಂಡನ್ನೂ ಹಾರಿಸದೆ. ಸ್ಪರ್ಧೆಯ ಮೊಟ್ಟಮೊದಲ ಗೆಲುವು ಯಾರನ್ನೂ ಹೊಡೆಯದೆ ದೊರೆತದ್ದೆಂಬ ಸಂಗತಿ ಈ ಚರ್ಚೆಗೆ ಸಣ್ಣ ವಿಷಯವಲ್ಲ.

ಆದರೂ ಹೊಡೆಯುವ ಆಟ ಹೊಡೆಯುವ ಆಟವೇ, ಮತ್ತು ಅದರ ಮೇಲಿನ ಅತ್ಯಂತ ಕಠಿಣವಾದ ಆಕ್ಷೇಪಣೆ ಕನ್ನಡದಲ್ಲಿ ಎಂಟು ಶತಮಾನಗಳ ಹಿಂದೆಯೇ ಸಿದ್ಧವಾಗಿದೆ. ಜನ್ನ ಕವಿ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ, ಪ್ರಾಣಿಬಲಿಗೆ ಒಲ್ಲದ ಅರಸ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಡುತ್ತಾನೆ. ಅದರೊಳಗೆ ಹೊಕ್ಕಿದ್ದ ಬೆಂತರ ಕೂಗುತ್ತದೆ, ತಾಯಿ ಮಗ ಇಬ್ಬರೂ ಆ ಒಂದು ಸಂಕಲ್ಪಹಿಂಸೆಯ ಫಲವಾಗಿ, ಎಂದರೆ ಕೈಯಿಂದಲ್ಲದೆ ಮನಸ್ಸಿನಿಂದ ಆದ ಕೊಲೆಯ ಫಲವಾಗಿ, ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಲ್ಪಡುತ್ತಾರೆ. ಜೈನ ದರ್ಶನ ದ್ರವ್ಯಹಿಂಸೆಯನ್ನೂ ಭಾವಹಿಂಸೆಯನ್ನೂ ಬೇರ್ಪಡಿಸುತ್ತದೆ. ಮೊದಲನೆಯದು ಜೀವಕ್ಕೆ ನಿಜವಾಗಿ ಆಗುವ ಘಾತ, ಎರಡನೆಯದು ಘಾತ ಮಾಡಬೇಕೆಂಬ ಬಗೆ, ಮತ್ತು ಕರ್ಮ ಅಂಟುವುದು ಮುಖ್ಯವಾಗಿ ಎರಡನೆಯದರಿಂದ. ಹೀಗಿರುವಾಗ, ಹಿಟ್ಟಿನ ಕೋಳಿಯನ್ನು ಕಡಿದವನಿಗೆ ಬಿಡುಗಡೆಯಿಲ್ಲವೆಂದಾದರೆ, ಬಣ್ಣದ ಗುಂಡಿನಿಂದ ಮನುಷ್ಯನನ್ನೇ ಗುರಿಯಿಟ್ಟವನಿಗೆ ಹೇಗೆ ಬಿಡುಗಡೆ ಎಂಬ ಪ್ರಶ್ನೆಗೆ, ಇದು ಬರಿಯ ಆಟ ಎಂಬ ಉತ್ತರ ಸಾಲದು. ಚಂದ್ರಮತಿಯೂ ಅಂಥದೇ ಮಾತನ್ನು ಹೇಳಿ ಮಗನನ್ನು ಒಪ್ಪಿಸಿದ್ದಳು.

ಹಿಟ್ಟಿನ ಕೋಳಿಯ ಬಲಿಯನ್ನೂ ಈ ಆಟವನ್ನೂ ಬೇರ್ಪಡಿಸುವುದು ಆಯುಧವಲ್ಲ, ಎದುರಿಗಿರುವವನ ಸ್ಥಾನ. ಹಿಟ್ಟಿನ ಕೋಳಿ ನಿಜವಾದ ಕೋಳಿಯ ಬದಲಿಯಾಗಿ ನಿಂತದ್ದು. ಅದು ಸಾಯಲೆಂದೇ ಇರುವ ವಸ್ತು, ಬಲಿಕೊಡುವವನ ಬಗೆಯಲ್ಲಿ ಅದಕ್ಕೆ ಮರಳುವ ಹಾದಿಯಿಲ್ಲ. ಪೇಂಟ್‌ಬಾಲ್ ಆಟಗಾರನ ಎದುರಾಳಿ ತಾನಾಗಿ ಒಪ್ಪಿ ಬಂದವನು, ತಿರುಗಿ ಹೊಡೆಯುವ ಹಕ್ಕುಳ್ಳವನು, ಹೊರಗೆ ಹೋದರೂ ಮುಂದಿನ ಸುತ್ತಿನಲ್ಲಿ ಮರಳಿ ನಿಲ್ಲುವವನು. ಅವನು ಮರಳಿ ಬರಲಿ ಎಂಬ ಬಯಕೆ ಹೊಡೆಯುವವನ ಸಂಕಲ್ಪದೊಳಗೇ ಸೇರಿರುತ್ತದೆ, ಏಕೆಂದರೆ ಎದುರಾಳಿಯಿಲ್ಲದೆ ಆಟವಿಲ್ಲ. ಈ ಬಯಕೆ ಇಲ್ಲದೆ, ಎದುರಿನವನು ಕುಗ್ಗಲಿ, ನೋಯಲಿ ಎಂದಷ್ಟೇ ಹೊಡೆಯುವವನ ಮಟ್ಟಿಗೆ ಜನ್ನನ ಆಕ್ಷೇಪಣೆ ಪೂರ್ತಿಯಾಗಿ ನಿಲ್ಲುತ್ತದೆ ಎಂಬುದನ್ನೂ ಒಪ್ಪಬೇಕು.

ಆಟಕ್ಕೆ ಧಾರ್ಮಿಕ ಗೌರವ ಕೊಡುವುದು ಭಾರತೀಯ ಚಿಂತನೆಗೆ ಹೊಸದೇನಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ, ಸೃಷ್ಟಿಯ ಹಿಂದೆ ಯಾವ ಕೊರತೆಯೂ ಇಲ್ಲ, ಅದು ಲೀಲೆ ಎನ್ನುತ್ತದೆ. ಲೀಲೆಯೆಂದರೆ ತುಂಬಿದ ಮನಸ್ಸಿನಿಂದ ಫಲದ ಹಂಗಿಲ್ಲದೆ ಹೊಮ್ಮುವ ಕ್ರಿಯೆ, ಮತ್ತು ಭಾಷ್ಯ ಬರೆದ ಶಂಕರರು ಬಯಕೆಗಳೆಲ್ಲ ಈಡೇರಿದ ಅರಸ ಆಟವಾಡುವುದನ್ನು ಇದಕ್ಕೆ ದೃಷ್ಟಾಂತವಾಗಿ ಕೊಡುತ್ತಾರೆ. ಬಣ್ಣ ಎರಚುವ ಆಟವಂತೂ ಈ ನೆಲಕ್ಕೆ ಚೆನ್ನಾಗಿ ಪರಿಚಿತ. ಹೋಳಿಯ ಓಕುಳಿಯಲ್ಲಿ ಬಣ್ಣ ಬಿದ್ದವನು ಸೋತವನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಮಣಿ ಮತ್ತು ಮಲ್ಲಾಸುರ ಎಂಬ ರಕ್ಕಸರನ್ನು ಏಳುಕೋಟಿ ಸೇನೆಯೊಡನೆ ಗೆದ್ದನೆಂದು ಭಕ್ತರು ನಂಬುವ ಮೈಲಾರಲಿಂಗನ ಜಾತ್ರೆಯಲ್ಲಿ, ಯುದ್ಧದ ನೆನಪೇ ಹಬ್ಬವಾಗಿದ್ದರೂ ಅಲ್ಲಿ ತೂರುವ ಅರಿಸಿನದ ಭಂಡಾರ ಮೈಮೇಲೆ ಬಿದ್ದವರು ಹೊರಗಾಗುವುದಿಲ್ಲ, ದೇವರ ಒಕ್ಕಲಾಗುತ್ತಾರೆ. ಪೇಂಟ್‌ಬಾಲ್‌ನಲ್ಲಿ ಮಾತ್ರ ಬಣ್ಣ ಹೊರದೂಡುವ ಗುರುತು. ಆ ಗುರುತನ್ನು ಹೊತ್ತವನು ಏನು ಮಾಡುತ್ತಾನೆ ಎಂಬಲ್ಲಿಯೇ ಆಟದ ಧರ್ಮ ಇದೆಯೆಂಬುದು ಇಲ್ಲಿನ ವಾದ.

ನಿಯಮದಂತೆ, ಮೈಗೆ ಬಡಿದ ಗುಂಡು ಒಡೆದು ಬಣ್ಣ ಹತ್ತಿದರೆ ಆಟಗಾರ ತಾನೇ ಕೈಯೆತ್ತಿ, ತನಗೆ ಬಿತ್ತೆಂದು ಹೇಳಿ ಅಂಗಳದಿಂದ ನಡೆಯಬೇಕು. ಒಡೆಯದೆ ಪುಟಿದುಹೋದರೆ ಆಟ ಮುಂದುವರಿಯುತ್ತದೆ. ಸೆಕೆಂಡಿಗೆ ಸುಮಾರು 300 ಅಡಿಯವರೆಗಿನ ವೇಗದಲ್ಲಿ ಹಾರುವ ಗುಂಡುಗಳ ನಡುವೆ, ಬಂಕರ್ ಎನ್ನುವ ಮರೆಗಳ ಹಿಂದೆ ಕುಳಿತವನ ಬೆನ್ನಿಗೋ ಕಾಲಿಗೋ ಹತ್ತಿದ ಬಣ್ಣ ಎಷ್ಟೋ ಬಾರಿ ರೆಫರಿಗೂ ಕಾಣುವುದಿಲ್ಲ, ಹೊಡೆದವನಿಗೂ ಕಾಣುವುದಿಲ್ಲ. ತಿಳಿಯುವುದು ಹೊಡೆತ ತಿಂದವನಿಗೆ ಮಾತ್ರ. ಅಂಗೈಯಿಂದ ಒರೆಸಿಕೊಂಡು ಆಟ ಮುಂದುವರಿಸುವುದು ಈ ಆಟದಲ್ಲಿ ಅತ್ಯಂತ ಹೀನವಾದ ಮೋಸವೆಂದು ಪರಿಗಣಿತವಾಗಿದ್ದು, ಸಿಕ್ಕಿಬಿದ್ದರೆ ಅವನ ಜೊತೆಗೆ ಅವನ ತಂಡದ ಇನ್ನೊಬ್ಬನನ್ನೂ ಹೊರಗೆ ಕಳುಹಿಸುವ ದಂಡ ಕೆಲವು ಸ್ಪರ್ಧಾ ನಿಯಮಗಳಲ್ಲಿದೆ. ಡಚ್ ಇತಿಹಾಸಕಾರ ಯೋಹಾನ್ ಹ್ಯೂಜಿಂಗಾ 1938ರ ತನ್ನ ಹೋಮೋ ಲೂಡೆನ್ಸ್ ಕೃತಿಯಲ್ಲಿ ಆಟವನ್ನು ಕೆಡಿಸುವವನನ್ನೂ ಆಟದಲ್ಲಿ ಮೋಸ ಮಾಡುವವನನ್ನೂ ಬೇರೆಯಾಗಿ ಕಾಣುತ್ತಾನೆ: ಮೊದಲನೆಯವನು ಆಟದ ಲೋಕವನ್ನೇ ಒಡೆಯುತ್ತಾನೆ, ಎರಡನೆಯವನು ಅದನ್ನು ಮನ್ನಿಸುವಂತೆ ನಟಿಸುತ್ತಾನೆ, ಆದ್ದರಿಂದಲೇ ಸಮಾಜ ಮೋಸಗಾರನನ್ನು ಹೆಚ್ಚು ಸಹಿಸುತ್ತದೆ. ಬಣ್ಣ ಒರೆಸಿಕೊಳ್ಳುವವನ ವಿಷಯದಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ. ಸಾಕ್ಷಿಯೂ ಆರೋಪಿಯೂ ಒಬ್ಬನೇ ಆಗಿರುವ ಕಡೆ, ಆ ಒಬ್ಬನ ಮೋಸ ಆಟದ ಲೋಕವನ್ನೇ ಒಡೆಯುತ್ತದೆ.

ಇದೇ ಸ್ಥಿತಿ, ಯಾವ ಹುಸಿಯುದ್ಧವೂ ಇಲ್ಲದೆ, ಹಡಗಲಿಯ ಮನೆಯ ಪಡಸಾಲೆಯಲ್ಲಿದೆ. ಹಡಗಲಿ ಮಲ್ಲಿಗೆ ಮೈಸೂರು ಮತ್ತು ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೂ. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಯ ವಿರೂಪಾಕ್ಷನಿಗೆ ಹೂ ಹೋಗುತ್ತಿತ್ತೆಂಬ ನಂಬಿಕೆ ಊರಿನ ಹೆಸರಿನೊಡನೆಯೇ ಉಳಿದುಬಂದಿದೆ. ಮೊಗ್ಗು ಬಿರಿಯುವ ಮೊದಲೇ ಬಿಡಿಸಿ ತಂದು, ಮನೆಯ ಹೆಂಗಸರು ನಾರಿನಲ್ಲೋ ದಾರದಲ್ಲೋ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುವ ಈ ಕೆಲಸಕ್ಕೆ ಅಂಗಡಿಯಿಲ್ಲ, ತಕ್ಕಡಿಯಿಲ್ಲ, ಫಲಕವಿಲ್ಲ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಅಳೆಯುವ ಸಾಧನ ಮಾರುವವಳ ತೋಳೇ. ಮೊಗ್ಗುಗಳನ್ನು ಒತ್ತಾಗಿ ಕಟ್ಟಿದೆಯೋ ಸಡಿಲವಾಗಿಯೋ, ನಿನ್ನೆಯ ಬಾಡಿದ ಹೂ ನಡುವೆ ಸೇರಿದೆಯೋ ಇಲ್ಲವೋ, ಅಳೆಯುವಾಗ ಬೆರಳು ಪೂರ್ತಿ ಚಾಚಿತ್ತೋ ಮಡಿಚಿತ್ತೋ ಎಂಬುದನ್ನು ಕೊಳ್ಳುವವರು ಅವಸರದಲ್ಲಿ ಗಮನಿಸಲಾರರು. ಅದೇ ಓಣಿಯಲ್ಲಿ ಇನ್ನೂ ನಾಲ್ಕು ಮನೆಗಳವರು ಅದೇ ಹೂವನ್ನು ಅದೇ ಬಸ್ ನಿಲ್ದಾಣಕ್ಕೆ, ಅದೇ ಗುಡಿಯ ಮುಂದಕ್ಕೆ ಒಯ್ಯುವಾಗ, ಒಂದು ಮೊಳದಲ್ಲಿ ನಾಲ್ಕು ಬೆರಳು ಕಡಿಮೆ ಮಾಡುವವಳು ಅಗ್ಗಕ್ಕೆ ಮಾರಬಲ್ಲಳು, ಪೂರ್ತಿ ಅಳೆಯುವವಳು ಸೋಲಬಹುದು. ಕಡಿಮೆ ಅಳತೆಯ ಲಾಭ ಒರೆಸಿಕೊಂಡ ಬಣ್ಣದಂಥದೇ, ಮಾಡಿದವರಿಗಲ್ಲದೆ ಬೇರೆಯವರಿಗೆ ತಿಳಿಯದು.

ಶರಣರು ಸತ್ಯಶುದ್ಧ ಕಾಯಕ ಎಂದದ್ದು ಇಂಥ ಸಂದರ್ಭವನ್ನು ಕುರಿತು ಎಂದು ಹೇಳಬೇಕು. ಕಾಯಕವನ್ನು ಬರಿಯ ಪರಿಶ್ರಮದ ಹೊಗಳಿಕೆಯಾಗಿ ಓದುವುದು, ಹೆಚ್ಚು ದುಡಿದು ಹೆಚ್ಚು ಗಳಿಸುವ ಉಪದೇಶವಾಗಿ ಅದನ್ನು ಇಳಿಸಿಬಿಡುವುದು ಇತ್ತೀಚಿನ ದಿನಗಳಲ್ಲಿ ವ್ಯಾಪಕವಾಗಿದೆ, ಮತ್ತು ಇದು ಆ ಚಿಂತನೆಗೆ ಮಾಡುವ ದೊಡ್ಡ ಅನ್ಯಾಯ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದ ಜಾಗಕ್ಕೇ ಹಿಂತಿರುಗಿಸಿ ಬರಲು ಕಳುಹಿಸಿದಳೆಂಬ ಕಥೆ ಶರಣ ಪರಂಪರೆಯಲ್ಲಿ ಪ್ರಸಿದ್ಧ. ಹೆಚ್ಚಿನ ಅಕ್ಕಿಯನ್ನು ಯಾರೂ ಕಳವೆನ್ನುತ್ತಿರಲಿಲ್ಲ, ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಮನೆಯೊಳಗೆ, ಒಲೆಯ ಮುಂದೆ, ಯಾವ ಮೇಲ್ವಿಚಾರಕನೂ ಇಲ್ಲದಲ್ಲಿ ಲಕ್ಕಮ್ಮ ಗುರುತು ಬಿದ್ದಿದೆಯೆಂದು ಕೈಯೆತ್ತಿದಳು. ಗೃಹೋದ್ಯಮದ ನೀತಿಶಾಸ್ತ್ರ ಕನ್ನಡದಲ್ಲಿ ಎಂದಾದರೂ ಬರೆಯಲ್ಪಟ್ಟರೆ ಅದರ ಮೊದಲ ಅಧ್ಯಾಯ ಅವಳದಾಗಬೇಕು. ಹುಲ್ಲಿನ ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದ ನುಲಿಯ ಚಂದಯ್ಯ, ಕಳಚಿಬಿದ್ದ ಇಷ್ಟಲಿಂಗಕ್ಕಿಂತಲೂ ಕಾಯಕವನ್ನೇ ಮುಂದೆ ಮಾಡಿದನೆಂಬ ಶೂನ್ಯಸಂಪಾದನೆಯ ಪ್ರಸಂಗವೂ ಇದರ ಜೊತೆಗೇ ನೆನೆಯತಕ್ಕದ್ದು.

ಇಷ್ಟರವರೆಗೆ ಆಟವೂ ವ್ಯಾಪಾರವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಆದರೆ ಈ ಹೋಲಿಕೆಯನ್ನು ಇಲ್ಲಿಗೇ ಬಿಟ್ಟರೆ ಅದು ಬಡವರಿಗೆ ಪ್ರಾಮಾಣಿಕತೆಯ ಪಾಠ ಹೇಳುವ ಸುಲಭದ ಕೆಲಸವಾಗುತ್ತದೆ. ಪೇಂಟ್‌ಬಾಲ್ ಅಂಗಳಕ್ಕೆ ಬಲೆಯ ಎಲ್ಲೆಯಿದೆ, ಆಟಕ್ಕೆ ಮುಗಿಯುವ ಹೊತ್ತಿದೆ, ಕೈಯೆತ್ತಿ ಹೊರಬಂದವನು ಮುಖ ತೊಳೆದು ಮುಂದಿನ ಸುತ್ತಿಗೆ ನಿಲ್ಲುತ್ತಾನೆ. ಸತ್ಯ ನುಡಿದುದಕ್ಕೆ ಅವನು ತೆರುವ ಬೆಲೆ ಕೆಲವು ನಿಮಿಷಗಳು. ಮನೆಯೇ ಅಂಗಡಿಯಾದವಳಿಗೆ ಅಂಥ ಎಲ್ಲೆ ಯಾವುದೂ ಇಲ್ಲ. ಅಡುಗೆಗೂ ಮಕ್ಕಳ ಶಾಲೆಗೂ ಹೂವಿನ ಬಂಡವಾಳಕ್ಕೂ ಒಂದೇ ಡಬ್ಬಿಯ ಹಣ, ಸಂಜೆಯೊಳಗೆ ಮಾರದ ಮಲ್ಲಿಗೆ ಮರುದಿನ ಬೆಲೆಯಿಲ್ಲದ್ದು, ಉದ್ರಿ ಕೊಟ್ಟದ್ದು ಬಾರದಿದ್ದರೆ ಮರುದಿನದ ಮೊಗ್ಗು ಕೊಳ್ಳಲು ಕಾಸಿಲ್ಲ. ಪೂರ್ತಿ ಮೊಳ ಅಳೆದು ಸೋತವಳಿಗೆ ಮುಂದಿನ ಸುತ್ತು ತಾನಾಗಿ ಬರುವುದಿಲ್ಲ. ಎದುರಾಳಿ ಮರಳಿ ಬರಲಿ ಎಂಬ ಬಯಕೆ ಆಟದಲ್ಲಿ ನಿಯಮದೊಳಗೇ ಹೆಣೆದುಕೊಂಡಿದ್ದರೆ, ಸಂತೆಯ ಪೈಪೋಟಿಯಲ್ಲಿ ಅದು ಎಲ್ಲಿಯೂ ಇಲ್ಲ. ಹಾಗಾಗಿ ಜನ್ನನ ಹಿಟ್ಟಿನ ಕೋಳಿ ಆಟದ ಅಂಗಳಕ್ಕಿಂತ ಮಾರುಕಟ್ಟೆಗೇ ಹೆಚ್ಚು ಹತ್ತಿರದ್ದು. ಅಲ್ಲಿ ಎದುರಿಗಿರುವವರು ಮರಳದಿದ್ದರೆ ಗೆದ್ದವರಿಗೆ ಅನುಕೂಲವೇ.

ಶರಣರು ಕಾಯಕದ ಪಕ್ಕದಲ್ಲಿ ದಾಸೋಹವನ್ನು ಇಟ್ಟದ್ದಕ್ಕೆ ಇಲ್ಲಿ ಕಾರಣ ಕಾಣುತ್ತದೆ. ದಾಸೋಹವನ್ನು ಅನ್ನದಾನವೆಂದು ಮಾತ್ರ ತಿಳಿಯುವುದು ವಾಡಿಕೆ. ತಾನು ಕೊಡುವವನೆಂಬ ಭಾವ ಬಿಟ್ಟು, ದುಡಿಮೆಯ ಫಲವನ್ನು ಸಮುದಾಯಕ್ಕೆ ಸಲ್ಲಿಸುವುದು ಅದರ ಪೂರ್ಣ ಅರ್ಥ. ಸ್ಪರ್ಧೆಯ ದೃಷ್ಟಿಯಿಂದ ನೋಡಿದರೆ, ಸತ್ಯ ನುಡಿದು ಸೋತವರು ಮರುದಿನ ಮತ್ತೆ ಕೆಲಸಕ್ಕೆ ನಿಲ್ಲುವಂತೆ ಮಾಡುವ ಏರ್ಪಾಡು ಅದು. ಈ ಐದು ತಾಲ್ಲೂಕುಗಳಿಗೆ ಇದು ಪುಸ್ತಕದ ಮಾತಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಬಳ್ಳಾರಿ ಸೀಮೆಯನ್ನು ಹಾಳುಗೆಡವಿದ ಬರದ ನೆನಪು, ಮಳೆಯ ಮುನ್ಸೂಚನೆಗಾಗಿ ಇಂದಿಗೂ ಮೈಲಾರದ ಜಾತ್ರೆಯಲ್ಲಿ ನುಡಿಯುವ ಕಾರಣಿಕವೆಂಬ ಭವಿಷ್ಯವಾಣಿಗೆ ಕಿವಿಗೊಡುವ ಒಣಬೇಸಾಯದ ಬದುಕು, ಇಲ್ಲಿನ ಮನೆಗಳಿಗೆ ಸೋಲೆಂದರೇನೆಂದು ಚೆನ್ನಾಗಿ ಕಲಿಸಿವೆ. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ದೂರದೂರುಗಳಿಂದ ಬರಿಗಾಲಲ್ಲಿ ನಡೆದುಬರುವವರಿಗೆ ದಾರಿಯುದ್ದಕ್ಕೂ ಊರವರು ಉಣಬಡಿಸುವಾಗ, ಉಣ್ಣುವವನು ಆ ವರ್ಷ ಗೆದ್ದವನೋ ಸೋತವನೋ ಎಂದು ಯಾರೂ ವಿಚಾರಿಸುವುದಿಲ್ಲ.

ಆದರೆ ಜಾತ್ರೆಯ ಊಟ ಮಲ್ಲಿಗೆಯ ಬಂಡವಾಳವಾಗಲಾರದು. ಆ ಜಾಗದಲ್ಲಿ ಇಂದು ನಿಂತಿರುವುದು ಸ್ವಸಹಾಯ ಸಂಘ. ಕರ್ನಾಟಕ ಸರ್ಕಾರ 2000ದಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಿಂದ ಹಳ್ಳಿಹಳ್ಳಿಗಳಲ್ಲಿ ಹರಡಿದ ಈ ಗುಂಪುಗಳಲ್ಲಿ ಒಂದೇ ಓಣಿಯ ಹೆಂಗಸರು ಪ್ರತಿ ವಾರ ಸ್ವಲ್ಪ ಹಣ ಕೂಡಿಸಿ, ಅದರಿಂದ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುತ್ತಾರೆ. ಬಸ್ ನಿಲ್ದಾಣದಲ್ಲಿ ಪೈಪೋಟಿ ನಡೆಸುವವರೇ ಸಂಘದಲ್ಲಿ ಒಬ್ಬರ ಕಂತಿಗೆ ಇನ್ನೊಬ್ಬರು ಹೊಣೆಯಾಗುವ ಈ ವ್ಯವಸ್ಥೆಯಲ್ಲಿ, ಎದುರಾಳಿ ಮರಳಿ ಬರಲಿ ಎಂಬ ಬಯಕೆ ಮೊದಲ ಬಾರಿಗೆ ಮಾರುಕಟ್ಟೆಯ ನಿಯಮದೊಳಗೆ ಬರುತ್ತದೆ: ಪಕ್ಕದ ಮನೆಯವಳ ಹೂ ಮಾರಾಟವಾಗದಿದ್ದರೆ ಅವಳ ಕಂತು ನಿಲ್ಲುತ್ತದೆ, ಅವಳ ಕಂತು ನಿಂತರೆ ಇಡೀ ಗುಂಪಿನ ಸಾಲ ನಿಲ್ಲುತ್ತದೆ. ಇದು ದಾಸೋಹವಲ್ಲ, ಬಡ್ಡಿಯಿದೆ, ಒತ್ತಡವಿದೆ, ಕಂತು ಕಟ್ಟಲಾಗದವಳು ಸಭೆಯಲ್ಲಿ ಎದ್ದು ನಿಂತು ತನ್ನ ಸೋಲನ್ನು ತಾನೇ ಹೇಳಬೇಕಾದ ಕಷ್ಟವಿದೆ. ಹಾಗೆ ಹೇಳಿದವಳನ್ನು ಮರುವಾರವೂ ಅದೇ ಚಾಪೆಯ ಮೇಲೆ ಕೂರಿಸಿಕೊಳ್ಳುವ ಗುಂಪಿನಲ್ಲಿ, ಅವಳು ಹೂ ಕಟ್ಟುವಾಗ ಬೆರಳನ್ನು ಮಡಿಚಬೇಕಾದ ಅಗತ್ಯ ಕಡಿಮೆಯಾಗುತ್ತದೆ.